ಒಂದೇ ಟಾಸ್ಕ್ಸ್.ಜೇಸನ್, ಎರಡು ಓಎಸ್: ಬಿಲ್ಡ್ ಯಾಕೆ ಕೈಕೊಡುತ್ತದೆ?

ಪ್ರಶ್ನೆ: ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಬರೆಯುತ್ತಿದ್ದೇನೆ. ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪ್, ಕೆಲಸದ ಜಾಗದಲ್ಲಿ ಉಬುಂಟು ಲಿನಕ್ಸ್. ಎರಡರಲ್ಲೂ ವಿಎಸ್ ಕೋಡ್ ಎಡಿಟರ್ ಇದೆ. ಪ್ರಾಜೆಕ್ಟ್ ಪೂರ್ತಿ ಗಿಟ್‌ನಲ್ಲಿದೆ (ಎರಡೂ ಮಷೀನ್‌ಗಳಿಗೆ ಫೈಲ್‌ಗಳು ಹೋಗುವುದು ಅದರಿಂದಲೇ), ಎಡಿಟರ್‌ನ ಸೆಟ್ಟಿಂಗ್ ಇರುವ .ವಿಎಸ್‌ಕೋಡ್ ಫೋಲ್ಡರ್ ಸಮೇತ. ವಿಂಡೋಸ್‌ನಲ್ಲಿ ಕಂಟ್ರೋಲ್ ಶಿಫ್ಟ್ ಬಿ ಒತ್ತಿದರೆ ಬಿಲ್ಡ್ ಆಗುತ್ತದೆ. ಉಬುಂಟುವಿನಲ್ಲಿ ಎಕ್ಸಿಟ್ ಕೋಡ್ 127 ಬರುತ್ತದೆ. ಆದರೆ ಅದೇ ಉಬುಂಟುವಿನ ಟರ್ಮಿನಲ್‌ನಲ್ಲಿ ಜಿಸಿಸಿ (ಸಿ ಕಂಪೈಲರ್) ಎಂದು ಟೈಪ್ ಮಾಡಿದರೆ ಸರಿಯಾಗಿ ಓಡುತ್ತದೆ! ಅಲ್ಲಿ ತಿದ್ದಿ ಸರಿ ಮಾಡಿದರೆ ಮನೆಯ ವಿಂಡೋಸ್‌ನಲ್ಲಿ ಕೆಡುತ್ತದೆ. ಜೊತೆಗೆ ಹೆಡರ್ ಫೈಲ್‌ಗಳ ಕೆಳಗೆ ಕೆಂಪು ಗೆರೆ ಬೇರೆ. ಬಿಲ್ಡ್ ಹೇಗೆ ಮಾಡಬೇಕು ಎಂದು ಬರೆದಿರುವ ಟಾಸ್ಕ್ಸ್.ಜೇಸನ್ ಫೈಲ್ ಅನ್ನೂ ಜೊತೆಗೆ ಕಳಿಸಿದ್ದೇನೆ. ಎಡಿಟರ್ ಅನ್ನೇ ಬದಲಾಯಿಸಬೇಕಾ?

ಉತ್ತರ: ಬೇಡ. ಬೇರೆ ಎಡಿಟರ್‌ಗೆ ಹೋದರೂ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಯಾಕೆಂದರೆ ವಿಎಸ್ ಕೋಡ್ ನಿಮ್ಮ ಪ್ರೋಗ್ರಾಂ ಅನ್ನು ಕಂಪೈಲ್ ಮಾಡುವುದೇ ಇಲ್ಲ. ಟಾಸ್ಕ್ಸ್.ಜೇಸನ್‌ನಲ್ಲಿ ಬರೆದದ್ದನ್ನು ಒಂದು ಸಾಲಿನ ಕಮಾಂಡ್ ಆಗಿ ಜೋಡಿಸಿ ಶೆಲ್ (ಟರ್ಮಿನಲ್‌ನಲ್ಲಿ ಕೊಟ್ಟ ಕಮಾಂಡ್ ಓಡಿಸುವ ಪ್ರೋಗ್ರಾಂ) ಕೈಗೆ ಕೊಡುತ್ತದೆ. ಅದರದು ಚೀಟಿ ಮುಟ್ಟಿಸುವ ಕೆಲಸ ಮಾತ್ರ. ಚೀಟಿಯಲ್ಲಿ ಬರೆದದ್ದು ಆ ಕಡೆಯವರಿಗೆ ಅರ್ಥವಾಗದಿದ್ದರೆ ತಂದವನನ್ನು ಬೈದು ಏನು ಬಂತು?

ಹಾಗಾಗಿ ಸೆಟ್ಟಿಂಗ್ ಒಂದೊಂದಾಗಿ ಬದಲಾಯಿಸುತ್ತಾ ಹೋಗುವ ಮೊದಲು ಆ ಚೀಟಿಯನ್ನೇ ಓದಿ. ಬಿಲ್ಡ್ ಒತ್ತಿದಾಗ ಕೆಳಗಿನ ಟರ್ಮಿನಲ್‌ನಲ್ಲಿ ‘ಎಕ್ಸಿಕ್ಯೂಟಿಂಗ್ ಟಾಸ್ಕ್’ ಎಂದು ಒಂದು ಸಾಲು ಬರುತ್ತದೆ. ವೇರಿಯಬಲ್‌ಗಳೆಲ್ಲ ನಿಜವಾದ ಪಾತ್‌ಗಳಾಗಿ ಬದಲಾದ ಮೇಲಿನ ಕಮಾಂಡ್ ಅದು. ಹೆಚ್ಚಿನವರು ಅದನ್ನು ದಾಟಿ ಕೆಳಗಿನ ಎರರ್‌ಗೆ ಹೋಗಿಬಿಡುತ್ತಾರೆ. ಅರ್ಧ ಉತ್ತರ ಆ ಸಾಲಿನಲ್ಲೇ ಇರುತ್ತದೆ.

ಈಗ ನಿಮ್ಮ ಫೈಲ್ ನೋಡೋಣ. ಕಮಾಂಡ್ ಜಾಗದಲ್ಲಿ ‘ಸಿ:\\ಎಂಸಿಸ್64\\ಯುಸಿಆರ್‌ಟಿ64\\ಬಿನ್\\ಜಿಸಿಸಿ.ಎಕ್ಸ್ಇ’ ಎಂದಿದೆ. ಇದನ್ನು ನೀವು ಟೈಪ್ ಮಾಡಿರಲಿಕ್ಕಿಲ್ಲ. ಸಿ ಫೈಲ್ ತೆರೆದು ಮೊದಲ ಸಲ ಬಿಲ್ಡ್ ಕೊಟ್ಟಾಗ ಸಿ/ಸಿ++ ಎಕ್ಸ್‌ಟೆನ್ಶನ್ ಆ ಮಷೀನ್‌ನಲ್ಲಿ ಕಂಪೈಲರ್ ಎಲ್ಲಿದೆ ಎಂದು ಹುಡುಕಿ, ಪೂರ್ತಿ ವಿಳಾಸವನ್ನು ತಾನೇ ಬರೆದಿಡುತ್ತದೆ. ಒಂದೇ ಮಷೀನ್‌ನಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲ. ಆದರೆ ಆ ಫೈಲ್ ಗಿಟ್‌ಗೆ ಹೋಯಿತು ಅಂದರೆ ನಿಮ್ಮ ಲ್ಯಾಪ್‌ಟಾಪ್‌ನ ವಿಳಾಸ ಎಲ್ಲರಿಗೂ ಹಂಚಿಕೆಯಾದ ಹಾಗೆ.

ಉಬುಂಟುವಿನಲ್ಲಿ ಆ ಸಾಲಿಗೆ ಏನಾಗುತ್ತದೆ ಗೊತ್ತಾ? ಅಲ್ಲಿನ ಶೆಲ್ ಆದ ಬ್ಯಾಶ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಫೋಲ್ಡರ್‌ಗಳನ್ನು ಬೇರೆ ಮಾಡುವ ಗುರುತಲ್ಲ. ಮುಂದಿನ ಅಕ್ಷರದ ವಿಶೇಷ ಅರ್ಥವನ್ನು ತೆಗೆದುಹಾಕು ಎಂದು ಶೆಲ್‌ಗೆ ಹೇಳುವ ಗುರುತು. ಕೆಲಸ ಮುಗಿದ ಮೇಲೆ ಆ ಬ್ಯಾಕ್‌ಸ್ಲ್ಯಾಶ್ ಮಾಯ. ಹಾಗಾಗಿ ಎರರ್ ಸಾಲನ್ನು ಗಮನವಿಟ್ಟು ನೋಡಿದರೆ ‘ಸಿ:ಎಂಸಿಸ್64ಯುಸಿಆರ್‌ಟಿ64ಬಿನ್‌ಜಿಸಿಸಿ.ಎಕ್ಸ್ಇ: ಕಮಾಂಡ್ ನಾಟ್ ಫೌಂಡ್’ ಎಂದು ಎಲ್ಲಾ ಒಂದಕ್ಕೊಂದು ಅಂಟಿಕೊಂಡು ಬಂದಿರುತ್ತದೆ. 127 ಅಂದರೆ ಇದೇ: ನೀವು ಹೇಳಿದ ಪ್ರೋಗ್ರಾಂ ಸಿಗಲಿಲ್ಲ ಎಂದು ಶೆಲ್ ಹೇಳುತ್ತಿದೆ. ಕಂಪೈಲರ್ ಇನ್ನೂ ಶುರುವೇ ಆಗಿಲ್ಲ, ಆದ್ದರಿಂದ ನಿಮ್ಮ ಕೋಡ್‌ನಲ್ಲಿ ತಪ್ಪು ಹುಡುಕಬೇಡಿ. 126 ಬಂದರೆ ಫೈಲ್ ಸಿಕ್ಕಿದೆ, ಆದರೆ ಓಡಿಸಲು ಆಗಲಿಲ್ಲ, ಸಾಮಾನ್ಯವಾಗಿ ಅನುಮತಿ ಇಲ್ಲದೆ. 1 ಬಂದರೆ ಮಾತ್ರ ಕಂಪೈಲರ್ ಓಡಿ ನಿಮ್ಮ ಕೋಡ್ ನೋಡಿ ಬೇಡ ಅಂದಿರುವ ಸಾಧ್ಯತೆ ಜಾಸ್ತಿ.

ಟರ್ಮಿನಲ್‌ನಲ್ಲಿ ಮಾತ್ರ ಯಾಕೆ ಸರಿ ಹೋಯಿತು? ಅಲ್ಲಿ ನೀವು ಬರೀ ‘ಜಿಸಿಸಿ’ ಎಂದಿರಿ. ಶೆಲ್ ಅದನ್ನು ಪಾತ್ ವೇರಿಯಬಲ್‌ನಲ್ಲಿರುವ ಫೋಲ್ಡರ್‌ಗಳಲ್ಲಿ ಹುಡುಕಿತು, ಸಿಕ್ಕಿತು. ಟಾಸ್ಕ್‌ನಲ್ಲಿಯೂ ಹಾಗೇ ಮಾಡಿ. ಕಮಾಂಡ್ ಜಾಗದಲ್ಲಿ ಬರೀ ಜಿಸಿಸಿ ಎಂದು ಬರೆಯಿರಿ, ಮುಂದೆ ಹಿಂದೆ ಏನೂ ಬೇಡ. ಕಂಪೈಲರ್ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವುದು ಆಯಾ ಮಷೀನ್‌ನ ಪಾತ್‌ನ ಕೆಲಸ, ಪ್ರಾಜೆಕ್ಟ್‌ನದ್ದಲ್ಲ. ನೀವು ಉಬುಂಟುವಿನಲ್ಲಿ ಅದನ್ನು ‘/ಯುಎಸ್ಆರ್/ಬಿನ್/ಜಿಸಿಸಿ’ ಎಂದು ತಿದ್ದಿದ್ದೀರಿ. ಅಲ್ಲಿಗೆ ಉಬುಂಟುವಿನ ವಿಳಾಸ ಗಿಟ್ ಹತ್ತಿ ಮನೆಗೆ ಬಂತು, ವಿಂಡೋಸ್ ಕೆಟ್ಟಿತು. ಅದಕ್ಕೇ ಈ ಹಗ್ಗಜಗ್ಗಾಟ.

ಇನ್ನು ಔಟ್‌ಪುಟ್ ಸಾಲು. -ಓ ಆದ ಮೇಲೆ ಫೈಲ್‌ಡಿರ್‌ನೇಮ್ ವೇರಿಯಬಲ್ (ತೆರೆದ ಫೈಲ್ ಇರುವ ಫೋಲ್ಡರ್), ಎರಡು ಬ್ಯಾಕ್‌ಸ್ಲ್ಯಾಶ್, ಫೈಲ್‌ನ ಹೆಸರು, .ಎಕ್ಸ್ಇ ಎಂದಿದೆ. ಕಮಾಂಡ್ ಸರಿ ಮಾಡಿ ಇದನ್ನು ಹಾಗೇ ಬಿಟ್ಟರೆ ಇನ್ನೂ ತಮಾಷೆಯ ಕಥೆ. ಉಬುಂಟುವಿನಲ್ಲಿ ಬಿಲ್ಡ್ ಯಶಸ್ವಿ ಎನ್ನುತ್ತದೆ, ಆದರೆ ಫೈಲ್ ಮಾತ್ರ ಕಾಣುವುದಿಲ್ಲ. ಒಂದು ಫೋಲ್ಡರ್ ಮೇಲಕ್ಕೆ ಹೋಗಿ ನೋಡಿ. ಪ್ರಾಜೆಕ್ಟ್ ಫೋಲ್ಡರ್ ಹೆಸರು ‘ಗಣಿತ’, ಫೈಲ್ ಹೆಸರು ‘ಮೈನ್’ ಆಗಿದ್ದರೆ ಅಲ್ಲಿ ‘ಗಣಿತಮೈನ್.ಎಕ್ಸ್ಇ’ ಎಂಬ ಫೈಲ್ ಕೂತಿರುತ್ತದೆ! ನಡುವಿನ ಬ್ಯಾಕ್‌ಸ್ಲ್ಯಾಶ್ ಅನ್ನು ಬ್ಯಾಶ್ ತಿಂದುಹಾಕಿದೆ. ಶೆಲ್ ಇಲ್ಲದೆ ನೇರವಾಗಿ ಓಡಿಸಿದರೆ ಬ್ಯಾಕ್‌ಸ್ಲ್ಯಾಶ್ ಹೆಸರಿನೊಳಗೇ ಉಳಿಯುತ್ತದೆ, ಯಾಕೆಂದರೆ ಲಿನಕ್ಸ್‌ನಲ್ಲಿ ಫೈಲ್ ಹೆಸರಿನೊಳಗೆ ಬ್ಯಾಕ್‌ಸ್ಲ್ಯಾಶ್ ಇರಬಹುದು.

ಪರಿಹಾರ ಸುಲಭ. ಎಲ್ಲಾ ಕಡೆ ಮುಂದಕ್ಕೆ ವಾಲಿದ ಸ್ಲ್ಯಾಶ್ ಬಳಸಿ. ವಿಂಡೋಸ್‌ನ ಜಿಸಿಸಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ. ಇದರಿಂದ ಇನ್ನೊಂದು ತಲೆನೋವೂ ತಪ್ಪುತ್ತದೆ. ಜೇಸನ್ ಫೈಲ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಬೇಕೆಂದರೆ ಎರಡೆರಡು ಬರೆಯಬೇಕು. ಒಂದೇ ಬರೆದು ಮುಂದೆ ಎಂ ಅಕ್ಷರ ಬಂದರೆ ಎಡಿಟರ್ ತಕ್ಷಣ ತಪ್ಪು ತೋರಿಸುತ್ತದೆ. ಆದರೆ ಎನ್ ಬಂದರೆ ಅದು ಹೊಸ ಸಾಲು, ಟಿ ಬಂದರೆ ಟ್ಯಾಬ್, ಬಿ ಬಂದರೆ ಬ್ಯಾಕ್‌ಸ್ಪೇಸ್. ಇವೆಲ್ಲ ಜೇಸನ್‌ನಲ್ಲಿ ಸರಿಯಾದ ಗುರುತುಗಳೇ, ಹಾಗಾಗಿ ಯಾವ ಗೆರೆಯೂ ಬರುವುದಿಲ್ಲ. ‘\ಬಿನ್’ ಎಂಬ ಫೋಲ್ಡರ್ ಒಳಗೊಳಗೇ ಬ್ಯಾಕ್‌ಸ್ಪೇಸ್ ಆಗಿ ಹೋಗಿರುತ್ತದೆ. ಕಣ್ಣಿಗೆ ಸರಿಯಾಗಿಯೇ ಕಾಣುವ ಪಾತ್ ಸಿಗುತ್ತಿಲ್ಲ ಎಂದಾಗ ಇದನ್ನು ಒಮ್ಮೆ ನೋಡಿ.

.ಎಕ್ಸ್ಇ ಕೂಡ ಬರೆಯಬೇಕಿಲ್ಲ. ವಿಂಡೋಸ್‌ನ ಜಿಸಿಸಿಗೆ -ಓ ಬಿಲ್ಡ್/ಆ್ಯಪ್ ಎಂದು ಕೊಟ್ಟರೆ ಅದು ತಾನಾಗಿ ಕೊನೆಗೆ .ಎಕ್ಸ್ಇ ಸೇರಿಸುತ್ತದೆ. ಉಬುಂಟುವಿನ ಜಿಸಿಸಿ ಸೇರಿಸುವುದಿಲ್ಲ. ಅಂದರೆ ಒಂದೇ ಸಾಲು ಎರಡೂ ಕಡೆ ಸರಿಯಾದ ಹೆಸರು ಕೊಡುತ್ತದೆ. ಓಡಿಸುವಾಗ ./ಬಿಲ್ಡ್/ಆ್ಯಪ್ ಎಂದರೆ ಬ್ಯಾಶ್‌ಗೂ ಸರಿ, ವಿಂಡೋಸ್‌ನ ಪವರ್‌ಶೆಲ್‌ಗೂ ಸರಿ. ಹಳೆಯ ಕಮಾಂಡ್ ಪ್ರಾಂಪ್ಟ್ ಮಾತ್ರ ಒಪ್ಪುವುದಿಲ್ಲ.

ಬಿಲ್ಡ್ ಫೋಲ್ಡರ್ ಎಂದಾಗ ಒಂದು ಮಾತು. ಜಿಸಿಸಿ ತಾನಾಗಿ ಫೋಲ್ಡರ್ ಮಾಡಿಕೊಡುವುದಿಲ್ಲ. ಆ ಫೋಲ್ಡರ್ ಗಿಟ್‌ಇಗ್ನೋರ್‌ನಲ್ಲಿದ್ದರೆ (ಗಿಟ್ ಸೇರಿಸಿಕೊಳ್ಳಬಾರದ ಫೈಲ್‌ಗಳ ಪಟ್ಟಿ ಅದು) ಎರಡನೇ ಮಷೀನ್‌ಗೆ ಅದು ಹೋಗುವುದೇ ಇಲ್ಲ. ಸುಮ್ನೆ ಖಾಲಿ ಬಿಟ್ಟರೂ ಹೋಗುವುದಿಲ್ಲ, ಗಿಟ್ ಖಾಲಿ ಫೋಲ್ಡರ್ ಇಟ್ಟುಕೊಳ್ಳುವುದಿಲ್ಲ. ಆಗ ಲಿಂಕರ್ (ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಪ್ರೋಗ್ರಾಂ) ‘ಕೆನಾಟ್ ಓಪನ್ ಔಟ್‌ಪುಟ್ ಫೈಲ್’ ಎನ್ನುತ್ತದೆ, ನೀವು ಪರ್ಮಿಷನ್ ತೊಂದರೆ ಎಂದುಕೊಳ್ಳುತ್ತೀರಿ. ಇದಕ್ಕೆ ಟಾಸ್ಕ್‌ನಲ್ಲೇ ಎಂಕೆಡಿರ್ -ಪಿ ಬಿಲ್ಡ್ ಎಂದು ಸೇರಿಸುವವರಿದ್ದಾರೆ. ಲಿನಕ್ಸ್‌ನಲ್ಲಿ ಸರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದೇ ಸಾಲು ‘ಬಿಲ್ಡ್’ ಎಂಬ ಫೋಲ್ಡರ್ ಜೊತೆ ‘-ಪಿ’ ಎಂಬ ಹೆಸರಿನ ಇನ್ನೊಂದು ಫೋಲ್ಡರ್ ಕೂಡ ಮಾಡುತ್ತದೆ! ಅದಕ್ಕಿಂತ ಬಿಲ್ಡ್ ಫೋಲ್ಡರ್‌ನೊಳಗೆ ಒಂದು ಸಣ್ಣ .ಗಿಟ್‌ಇಗ್ನೋರ್ ಫೈಲ್ ಹಾಕಿ. ತನ್ನನ್ನು ಬಿಟ್ಟು ಉಳಿದೆಲ್ಲವನ್ನೂ ಕಡೆಗಣಿಸು ಎಂದು ಅದರಲ್ಲಿ ಬರೆದು ಕಮಿಟ್ ಮಾಡಿ. ಫೋಲ್ಡರ್ ಎರಡೂ ಕಡೆ ಇರುತ್ತದೆ, ಕಸ ಮಾತ್ರ ಹೋಗುವುದಿಲ್ಲ.

ಟಾಸ್ಕ್‌ನ ಟೈಪ್ ಬಗ್ಗೆ. ನಿಮ್ಮದರಲ್ಲಿ ‘ಶೆಲ್’ ಎಂದಿದೆ. ಇಂಥ ಸರಳ ಬಿಲ್ಡ್‌ಗೆ ನನ್ನ ಆಯ್ಕೆ ‘ಪ್ರೋಸೆಸ್’. ಶೆಲ್ ಎಂದರೆ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಪವರ್‌ಶೆಲ್, ಉಬುಂಟುವಿನಲ್ಲಿ ಬ್ಯಾಶ್. ಎರಡರ ಕೋಟ್ ನಿಯಮ ಬೇರೆ, ವೇರಿಯಬಲ್ ಬರೆಯುವ ರೀತಿ ಬೇರೆ. ಎರಡು ಕಮಾಂಡ್ ಜೋಡಿಸುವ && ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ನಡೆಯುವುದೇ ಇಲ್ಲ, 7ರಲ್ಲಿ ನಡೆಯುತ್ತದೆ. ಪ್ರೋಸೆಸ್ ಎಂದರೆ ನಡುವೆ ಶೆಲ್ ಇಲ್ಲ. ಜಿಸಿಸಿಗೆ ಆರ್ಗ್ಯುಮೆಂಟ್‌ಗಳು ಬರೆದ ಹಾಗೇ ತಲುಪುತ್ತವೆ. ಫೋಲ್ಡರ್ ಹೆಸರಿನಲ್ಲಿ ಸ್ಪೇಸ್ ಇದ್ದರೂ ತಕರಾರಿಲ್ಲ. ನಷ್ಟ ಒಂದೇ: ‘*.ಸಿ’ ಎಂದು ಬರೆದರೆ ಲಿನಕ್ಸ್‌ನಲ್ಲಿ ಅದನ್ನು ಬಿಡಿಸುವವರು ಯಾರೂ ಇರುವುದಿಲ್ಲ. ಫೈಲ್ ಹೆಸರುಗಳನ್ನು ಬರೆಯಬೇಕು. ನಾಲ್ಕೈದು ಫೈಲ್‌ವರೆಗೆ ಇದು ಕಷ್ಟವೇನಲ್ಲ. ಅದಕ್ಕಿಂತ ಜಾಸ್ತಿ ಆದರೆ ಏನು ಮಾಡಬೇಕು ಎಂದು ಕೆಳಗೆ ಹೇಳುತ್ತೇನೆ.

ಆಪ್ಷನ್ಸ್ ಒಳಗಿನ ಸಿಡಬ್ಲ್ಯುಡಿ (ಕಮಾಂಡ್ ಯಾವ ಫೋಲ್ಡರ್‌ನಲ್ಲಿ ಓಡಬೇಕು ಎಂಬುದು) ಕೂಡ ನೋಡಿ. ಎಕ್ಸ್‌ಟೆನ್ಶನ್‌ನ ಕೆಲವು ಹಳೆಯ ಆವೃತ್ತಿಗಳು ಅಲ್ಲಿ ಕಂಪೈಲರ್‌ನ ಬಿನ್ ಫೋಲ್ಡರ್ ಅನ್ನೇ ಬರೆದಿಡುತ್ತಿದ್ದವು. ಆ ಫೋಲ್ಡರ್ ಉಬುಂಟುವಿನಲ್ಲಿ ಇಲ್ಲವೇ ಇಲ್ಲ. ಹಾಗೆ ಬರೆದಿದ್ದರೆ ಅದನ್ನು ವರ್ಕ್‌ಸ್ಪೇಸ್‌ಫೋಲ್ಡರ್ ವೇರಿಯಬಲ್‌ಗೆ ಬದಲಾಯಿಸಿ. ಆಮೇಲೆ ಉಳಿದ ಪಾತ್‌ಗಳನ್ನೆಲ್ಲ ಪ್ರಾಜೆಕ್ಟ್ ಫೋಲ್ಡರ್‌ನಿಂದ ಶುರುಮಾಡಿ ಬರೆಯಬಹುದು.

ಹಾಗಾದರೆ ವಿಂಡೋಸ್‌ಗೇ ಬೇರೆ, ಲಿನಕ್ಸ್‌ಗೇ ಬೇರೆ ಎಂದು ಬರೆಯಲೇಬೇಕಾದಾಗ? ಅದಕ್ಕೂ ಜಾಗ ಇದೆ. ಟಾಸ್ಕ್‌ನೊಳಗೆ ‘ವಿಂಡೋಸ್’, ‘ಲಿನಕ್ಸ್’, ‘ಓಎಸ್ಎಕ್ಸ್’ ಎಂಬ ಹೆಸರಿನ ಬ್ಲಾಕ್ ಹಾಕಿದರೆ ಆಯಾ ಓಎಸ್‌ನಲ್ಲಿ ಅದು ಅನ್ವಯವಾಗುತ್ತದೆ. ಸಬ್‌ಲೈಮ್ ಟೆಕ್ಸ್ಟ್‌ನ ಬಿಲ್ಡ್ ಫೈಲ್‌ನಲ್ಲೂ ಇದೇ ಹೆಸರಿನ ಬ್ಲಾಕ್‌ಗಳಿವೆ. ಆದರೆ ಇದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಎರಡು ಬ್ಲಾಕ್ ಇದ್ದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಗ್ಯಾರಂಟಿ. ಎರಡೂ ಕಡೆ ನಡೆಯುವ ಒಂದೇ ಸಾಲು ಸಾಧ್ಯವಿದ್ದರೆ ಅದೇ ಒಳ್ಳೆಯದು.

ಇಷ್ಟು ಮಾಡಿದ ಮೇಲೂ ಜಿಸಿಸಿ ಸಿಗುತ್ತಿಲ್ಲ ಎಂದರೆ ಆಗ ಪಾತ್ ನೋಡಬೇಕು. ಉಬುಂಟುವಿನಲ್ಲಿ ವಿಚ್ -ಎ ಜಿಸಿಸಿ ಎಂದು ಕೇಳಿ. ವಿಂಡೋಸ್‌ನಲ್ಲಿ ವೇರ್ ಜಿಸಿಸಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಪವರ್‌ಶೆಲ್‌ನಲ್ಲಿ ಅದನ್ನು ಕೊಟ್ಟರೆ ಏನೂ ಬರುವುದಿಲ್ಲ. ಎರರ್ ಕೂಡ ಇಲ್ಲ, ಉತ್ತರವೂ ಇಲ್ಲ! ಅಲ್ಲಿ ‘ವೇರ್’ ಎಂಬುದು ಬೇರೊಂದು ಕಮಾಂಡ್‌ನ ಅಡ್ಡಹೆಸರು. ‘ವೇರ್.ಎಕ್ಸ್ಇ ಜಿಸಿಸಿ’ ಎಂದು ಪೂರ್ತಿ ಬರೆಯಿರಿ. ಒಂದಕ್ಕಿಂತ ಜಾಸ್ತಿ ಉತ್ತರ ಬಂದರೆ ಮೊದಲನೆಯದೇ ಓಡುವುದು. ಯಾವುದೋ ಹಳೆಯ ಸಾಫ್ಟ್‌ವೇರ್ ಜೊತೆ ಬಂದ ಹಳೆಯ ಜಿಸಿಸಿ ಮೊದಲು ಕೂತಿರುವುದು ವಿಂಡೋಸ್‌ನಲ್ಲಿ ತೀರಾ ಮಾಮೂಲು.

ವಿಂಡೋಸ್‌ನಲ್ಲಿ ಪಾತ್ ತಿದ್ದಿದ ಮೇಲೆ ವಿಎಸ್ ಕೋಡ್‌ನ ಎಲ್ಲಾ ಕಿಟಕಿಗಳನ್ನೂ ಮುಚ್ಚಿ ಮತ್ತೆ ತೆರೆಯಬೇಕು. ರೀಲೋಡ್ ವಿಂಡೋ ಸಾಲದು. ಒಂದು ಪ್ರೋಗ್ರಾಂ ಶುರುವಾದಾಗ ಇದ್ದ ಪಾತ್ ಅನ್ನೇ ಕೊನೆಯವರೆಗೂ ಇಟ್ಟುಕೊಳ್ಳುತ್ತದೆ, ಅದರಿಂದ ಹುಟ್ಟುವ ಟಾಸ್ಕ್‌ಗಳಿಗೂ ಅದೇ ಸಿಗುತ್ತದೆ. ಹಿನ್ನೆಲೆಯಲ್ಲಿ ಒಂದು ಕಿಟಕಿ ತೆರೆದಿದ್ದರೂ ಹಳೆಯ ಪಾತ್ ಜೀವಂತ. ಎಂಸಿಸ್2 (ನಿಮ್ಮ ವಿಂಡೋಸ್‌ಗೆ ಜಿಸಿಸಿ ಬಂದದ್ದು ಇದರಿಂದ) ಬಳಸುವವರು ಬಿನ್ ಫೋಲ್ಡರ್ ಅನ್ನು ಪಾತ್‌ನಲ್ಲಿ ಇಡಲೇಬೇಕು. ಇಡದೆ ಪೂರ್ತಿ ವಿಳಾಸ ಕೊಟ್ಟು ಓಡಿಸಿದರೆ ಜಿಸಿಸಿ ಕೆಲವೊಮ್ಮೆ ಒಂದು ಅಕ್ಷರವನ್ನೂ ಹೇಳದೆ ಕೋಡ್ 1 ಕೊಟ್ಟು ಹೊರಟುಹೋಗುತ್ತದೆ. ಅದಕ್ಕೆ ಬೇಕಾದ ಡಿಎಲ್ಎಲ್ ಫೈಲ್‌ಗಳು ಸಿಗದೆ ಒಳಗಿನ ಪ್ರೋಗ್ರಾಂ ಬಿದ್ದಿರುತ್ತದೆ. ಎರರ್ ಇಲ್ಲದ ಎರರ್ ಅಂದರೆ ಮೊದಲು ಇದನ್ನೇ ಅನುಮಾನಿಸಿ. ಮೈಕ್ರೋಸಾಫ್ಟ್‌ನ ಸಿಎಲ್ ಕಂಪೈಲರ್ ಆದರೆ ಕಥೆ ಬೇರೆ. ಅದಕ್ಕೆ ಪಾತ್ ಸಾಲದು, ಇನ್‌ಕ್ಲೂಡ್, ಲಿಬ್ ಎಂಬ ವೇರಿಯಬಲ್‌ಗಳೂ ಬೇಕು. ಡೆವಲಪರ್ ಕಮಾಂಡ್ ಪ್ರಾಂಪ್ಟ್ ತೆರೆದು ಅಲ್ಲಿಂದಲೇ ಎಡಿಟರ್ ಶುರುಮಾಡುವುದು ಸುಲಭದ ದಾರಿ.

ಉಬುಂಟು ಕಡೆ ಎರಡು ಸಂಗತಿ. ಬ್ಯಾಶ್‌ಆರ್‌ಸಿ ಫೈಲ್‌ನಲ್ಲಿ ಅಲಿಯಾಸ್ (ಕಮಾಂಡ್‌ಗೆ ಅಡ್ಡಹೆಸರು) ಮಾಡಿಟ್ಟುಕೊಂಡಿದ್ದರೆ ಅದು ನೀವು ಕೈಯಾರೆ ಟೈಪ್ ಮಾಡುವ ಟರ್ಮಿನಲ್‌ಗೆ ಮಾತ್ರ. ಟಾಸ್ಕ್ ಓಡುವ ಬ್ಯಾಶ್ ಅದನ್ನು ಓದುವುದಿಲ್ಲ. ಇನ್ನೊಂದು, ವಿಎಸ್ ಕೋಡ್ ಅನ್ನು ಫ್ಲಾಟ್‌ಪ್ಯಾಕ್ ಮೂಲಕ ಹಾಕಿಕೊಂಡಿದ್ದರೆ ಅದು ಬೇಲಿಯೊಳಗೆ ಓಡುತ್ತದೆ, ಹೊರಗಿನ ಜಿಸಿಸಿ ಅದರ ಕಣ್ಣಿಗೆ ಬೀಳುವುದಿಲ್ಲ. ಬೇರೆ ಟರ್ಮಿನಲ್‌ನಲ್ಲಿ ಜಿಸಿಸಿ ಇದೆ, ಎಡಿಟರ್ ಒಳಗಿನ ಟರ್ಮಿನಲ್‌ನಲ್ಲಿ ಇಲ್ಲ ಎಂದರೆ ಕಾರಣ ಇದೇ ಇರಬಹುದು. ಡೆಬ್ ಪ್ಯಾಕೇಜ್ ಹಾಕಿಕೊಳ್ಳಿ, ಮುಗಿಯಿತು.

ಕೆಂಪು ಗೆರೆಗೆ ಬರೋಣ. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಹೆಡರ್ ಕೆಳಗಿನ ಗೆರೆ ಎಳೆಯುವುದು ಜಿಸಿಸಿ ಅಲ್ಲ, ಎಕ್ಸ್‌ಟೆನ್ಶನ್‌ನ ಇಂಟೆಲಿಸೆನ್ಸ್, ಅಂದರೆ ಬರೆಯುವಾಗಲೇ ಕೋಡ್ ಪರಿಶೀಲಿಸುವ ಭಾಗ. ಅದು ಟಾಸ್ಕ್ಸ್.ಜೇಸನ್ ನೋಡುವುದಿಲ್ಲ. ಅದರ ಫೈಲ್ ಬೇರೆ, ಸಿ_ಸಿಪಿಪಿ_ಪ್ರಾಪರ್ಟೀಸ್.ಜೇಸನ್. ನೀವು ಟಾಸ್ಕ್‌ನಲ್ಲಿ -ಐ ಕೊಟ್ಟು ಇನ್‌ಕ್ಲೂಡ್ ಫೋಲ್ಡರ್ ಎಷ್ಟು ಸೇರಿಸಿದರೂ ಗೆರೆ ಹೋಗುವುದಿಲ್ಲ. ಹಾಗೇ ಗೆರೆ ಹೋದ ಮಾತ್ರಕ್ಕೆ ಬಿಲ್ಡ್ ಆಗಬೇಕೆಂದೂ ಇಲ್ಲ. ಇವು ಎರಡು ಬೇರೆ ಬೇರೆ ದೂರು, ಬೇರೆ ಬೇರೆಯಾಗಿಯೇ ನೋಡಿ. ಆ ಫೈಲ್‌ನಲ್ಲಿ ‘ವಿನ್32’, ‘ಲಿನಕ್ಸ್’ ಎಂಬ ಹೆಸರಿನ ಎರಡು ಕಾನ್ಫಿಗರೇಶನ್ ಇಟ್ಟರೆ ಎಕ್ಸ್‌ಟೆನ್ಶನ್ ತಾನಿರುವ ಓಎಸ್‌ಗೆ ತಕ್ಕದ್ದನ್ನು ಆರಿಸಿಕೊಳ್ಳುತ್ತದೆ. ಎರಡರಲ್ಲೂ ಕಂಪೈಲರ್‌ಪಾತ್ ಸರಿಯಾಗಿದೆಯೇ ನೋಡಿ. ನಿಮ್ಮದರಲ್ಲಿ ವಿನ್32 ಮಾತ್ರ ಇರಬೇಕು, ಅದಕ್ಕೇ ಉಬುಂಟುವಿನಲ್ಲಿ ಸ್ಟ್ಯಾಂಡರ್ಡ್ ಹೆಡರ್‌ಗಳೂ ಸಿಗುತ್ತಿಲ್ಲ. ಕೋಡ್ ರನ್ನರ್ ಎಂಬ ಎಕ್ಸ್‌ಟೆನ್ಶನ್ ಹಾಕಿಕೊಂಡಿದ್ದರೆ ಅದರದು ಮೂರನೇ ದಾರಿ. ಅದು ತನ್ನದೇ ಸೆಟ್ಟಿಂಗ್‌ನಲ್ಲಿರುವ ಕಮಾಂಡ್ ಓಡಿಸುತ್ತದೆ, ನಿಮ್ಮ ಟಾಸ್ಕ್ ಅದಕ್ಕೆ ಲೆಕ್ಕಕ್ಕಿಲ್ಲ. ಮೂಲೆಯಲ್ಲಿರುವ ತ್ರಿಕೋನದ ಬಟನ್ ಒತ್ತಿ ‘ಟಾಸ್ಕ್ ತಿದ್ದಿದರೂ ಏನೂ ಬದಲಾಗುತ್ತಿಲ್ಲ’ ಎನ್ನುವವರು ಮೊದಲು ಆ ಬಟನ್ ಯಾರದ್ದು ಎಂದು ನೋಡಿಕೊಳ್ಳಬೇಕು.

127 ಹೋದ ಮೇಲೆ ಉಬುಂಟುವಿನಲ್ಲಿ ನಿಮಗೆ ಎದುರಾಗಬಹುದಾದ ಇನ್ನೊಂದು ಎರರ್: ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯುಆರ್‌ಟಿ’. ಕೋಡ್‌ನಲ್ಲಿ ವರ್ಗಮೂಲದ ಲೆಕ್ಕ ಇದ್ದರೆ ಇದು ಬರುತ್ತದೆ, ಯಾಕೆಂದರೆ ನಿಮ್ಮ ಟಾಸ್ಕ್‌ನಲ್ಲಿ -ಎಲ್ಎಂ ಇಲ್ಲ. ವಿಂಡೋಸ್‌ನ ಜಿಸಿಸಿಯಲ್ಲಿ ಗಣಿತದ ಫಂಕ್ಷನ್‌ಗಳು ಕೇಳದೆಯೇ ಸಿಗುತ್ತವೆ. ಲಿನಕ್ಸ್‌ನಲ್ಲಿ ಅವು ಲಿಬ್‌ಎಂ ಎಂಬ ಬೇರೆ ಲೈಬ್ರರಿಯಲ್ಲಿವೆ. -ಎಲ್ಎಂ ಸೇರಿಸಿ, ಅದೂ ಆರ್ಗ್ಯುಮೆಂಟ್‌ಗಳ ಕೊನೆಯಲ್ಲಿ. ಮೈನ್.ಸಿ ಗಿಂತ ಮೊದಲು ಬರೆದರೆ ಉಬುಂಟುವಿನಲ್ಲಿ ಅದೇ ಎರರ್ ಮತ್ತೆ ಬರುತ್ತದೆ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ, ಇನ್ನೂ ಯಾರೂ ಕೇಳದ ಲೈಬ್ರರಿಯನ್ನು ಬೇಡವೆಂದು ಬಿಟ್ಟು ಮುಂದೆ ಹೋಗುತ್ತದೆ. ವಿಂಡೋಸ್‌ನ ಜಿಸಿಸಿಗೆ -ಎಲ್ಎಂ ಕೊಟ್ಟರೆ ಹಾನಿ ಇಲ್ಲ, ಅಲ್ಲಿ ಆ ಹೆಸರಿನ ಖಾಲಿ ಲೈಬ್ರರಿ ಇಟ್ಟಿರುತ್ತಾರೆ. ಹಾಗಾಗಿ ಇಲ್ಲೂ ಎರಡು ಬ್ಲಾಕ್ ಬೇಕಿಲ್ಲ. ಪರೀಕ್ಷೆ ಮಾಡುವಾಗ ಒಂದು ಎಚ್ಚರ: 2ರ ವರ್ಗಮೂಲ ಎಂದು ನೇರವಾಗಿ ಅಂಕಿ ಕೊಟ್ಟರೆ ಜಿಸಿಸಿ ಆ ಲೆಕ್ಕವನ್ನು ಕಂಪೈಲ್ ಮಾಡುವಾಗಲೇ ಮುಗಿಸಿಬಿಡುತ್ತದೆ, ಲೈಬ್ರರಿ ಬೇಕಾಗುವುದೇ ಇಲ್ಲ. ಬಳಕೆದಾರರಿಂದ ಅಂಕಿ ಓದಿಕೊಂಡು ವರ್ಗಮೂಲ ತೆಗೆಯುವಂತೆ ಬರೆದು ನೋಡಿ.

ಹೆಡರ್ ಹೆಸರಿನ ದೊಡ್ಡಕ್ಷರ ಸಣ್ಣಕ್ಷರದ ತಕರಾರು ನಿಮಗೆ ಗೊತ್ತಿರಬಹುದು. ಇಂಗ್ಲಿಷಿನ ದೊಡ್ಡ ಎಂ ಇರುವ ಮ್ಯಾಟ್ರಿಕ್ಸ್.ಎಚ್ ಫೈಲ್ ಅನ್ನು ಕೋಡ್‌ನಲ್ಲಿ ಸಣ್ಣ ಎಂ ಹಾಕಿ ಕರೆದರೆ ವಿಂಡೋಸ್ ಸುಮ್ಮನಿರುತ್ತದೆ, ಉಬುಂಟು ಫೈಲ್ ಇಲ್ಲ ಎನ್ನುತ್ತದೆ. ವಿಂಡೋಸ್‌ನಲ್ಲಿ ಕೂತು ಫೈಲ್ ಹೆಸರು ತಿದ್ದುವಾಗ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ತಿದ್ದಬೇಡಿ, ಗಿಟ್ ಅದನ್ನು ಗಮನಿಸದೇ ಹೋಗಬಹುದು. ಗಿಟ್ ಎಂವಿ ಬಳಸಿ.

ಸಾಲಿನ ಕೊನೆಗೆ ಬರುವ ಗುರುತಿನ ತೊಂದರೆ ಸಿ ಫೈಲ್‌ಗಳಿಗೆ ಅಷ್ಟಾಗಿ ತಟ್ಟುವುದಿಲ್ಲ. ಆದರೆ ಬಿಲ್ಡ್.ಎಸ್ಎಚ್ ಎಂಬ ಸ್ಕ್ರಿಪ್ಟ್ ಇದ್ದರೆ ತಟ್ಟುತ್ತದೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಗುರುತು ಹಾಕುತ್ತದೆ, ಲಿನಕ್ಸ್ ಒಂದೇ. ಆ ಹೆಚ್ಚಿನ ಗುರುತು ಮೊದಲ ಸಾಲಿನ ‘/ಬಿನ್/ಬ್ಯಾಶ್’ ಹೆಸರಿಗೆ ಅಂಟಿಕೊಂಡು, ಆ ಹೆಸರಿನ ಪ್ರೋಗ್ರಾಂ ಇಲ್ಲ ಎಂದಾಗುತ್ತದೆ. ಬ್ಯಾಶ್ ಕಣ್ಣೆದುರಿಗೇ ಇದ್ದರೂ ಹಳೆಯ ಆವೃತ್ತಿ ‘ಬ್ಯಾಡ್ ಇಂಟರ್‌ಪ್ರಿಟರ್’, ಹೊಸದು ‘ರಿಕ್ವೈರ್ಡ್ ಫೈಲ್ ನಾಟ್ ಫೌಂಡ್’ ಎನ್ನುವುದು ಅದಕ್ಕೇ. ಪ್ರತಿಯೊಬ್ಬರ ಗಿಟ್ ಸೆಟ್ಟಿಂಗ್ ನಂಬಿಕೊಳ್ಳುವುದಕ್ಕಿಂತ ಪ್ರಾಜೆಕ್ಟ್‌ನಲ್ಲೇ .ಗಿಟ್‌ಆಟ್ರಿಬ್ಯೂಟ್ಸ್ ಫೈಲ್ ಇಟ್ಟು, ಎಸ್ಎಚ್ ಫೈಲ್‌ಗಳಿಗೆ ‘ಇಓಎಲ್=ಎಲ್ಎಫ್’, ಬ್ಯಾಟ್ ಫೈಲ್‌ಗಳಿಗೆ ‘ಇಓಎಲ್=ಸಿಆರ್‌ಎಲ್ಎಫ್’ ಎಂದು ಬರೆಯಿರಿ. ಆಮೇಲೆ ಗಿಟ್ ಆ್ಯಡ್‌ಗೆ --ರೀನಾರ್ಮಲೈಸ್ ಕೊಟ್ಟು ಒಂದು ಸಲ ಕಮಿಟ್ ಮಾಡಿ. ಸ್ಕ್ರಿಪ್ಟ್‌ಗೆ ಓಡುವ ಅನುಮತಿಯೂ ಬೇಕು. ವಿಂಡೋಸ್‌ನಲ್ಲಿ ಅಂಥ ಅನುಮತಿಯ ಗುರುತೇ ಇಲ್ಲದ್ದರಿಂದ ಅಲ್ಲಿಂದ ಸೇರಿಸಿದ ಸ್ಕ್ರಿಪ್ಟ್ ಉಬುಂಟುವಿಗೆ ಬಂದು 126 ಕೊಡುತ್ತದೆ. ಗಿಟ್ ಅಪ್‌ಡೇಟ್-ಇಂಡೆಕ್ಸ್ ಕಮಾಂಡ್‌ಗೆ --ಸಿಎಚ್‌ಮಾಡ್=+ಎಕ್ಸ್ ಕೊಟ್ಟರೆ ವಿಂಡೋಸ್‌ನಿಂದಲೇ ಆ ಗುರುತು ಹಾಕಬಹುದು.

ಫೈಲ್‌ಗಳ ಸಂಖ್ಯೆ ಹತ್ತು ದಾಟುವಂತಿದ್ದರೆ ಟಾಸ್ಕ್ಸ್.ಜೇಸನ್‌ನಲ್ಲಿ ಕಂಪೈಲರ್ ಸಾಲು ಬರೆಯುವುದನ್ನೇ ನಿಲ್ಲಿಸಿ, ಆಯಾ ಓಎಸ್‌ಗೆ ತಕ್ಕ ಬಿಲ್ಡ್ ಫೈಲ್‌ಗಳನ್ನು ತಾನೇ ಬರೆದುಕೊಡುವ ಸೀಮೇಕ್‌ಗೆ ಹೋಗಿ. ಟಾಸ್ಕ್‌ನಲ್ಲಿ ಆಗ ಉಳಿಯುವುದು ‘ಸೀಮೇಕ್ --ಬಿಲ್ಡ್ ಬಿಲ್ಡ್’ ಎಂಬ ಒಂದೇ ಸಾಲು. ಎಡಿಟರ್ ಇಲ್ಲದಿದ್ದರೂ ಅದೇ ಸಾಲು ನಡೆಯುತ್ತದೆ. ನನ್ನ ಮಟ್ಟಿಗೆ ಒಂದು ಬಿಲ್ಡ್ ಎಡಿಟರ್ ಒಳಗೆ ಮಾತ್ರ ಆಗುತ್ತದೆ ಎಂದರೆ ಅದು ಇನ್ನೂ ಸರಿಯಾಗಿ ಆಗಿಲ್ಲ ಎಂದೇ ಲೆಕ್ಕ.

ಆದರೆ ಸೀಮೇಕ್‌ನಲ್ಲೂ ಎರಡು ಓಎಸ್‌ನವರು ಎಡವುವ ಜಾಗಗಳಿವೆ. ಮೊದಲನೆಯದು ಬಿಲ್ಡ್ ಫೋಲ್ಡರ್. ಅದರೊಳಗಿನ ಸೀಮೇಕ್‌ಕ್ಯಾಶ್.ಟಿಎಕ್ಸ್‌ಟಿ ಫೈಲ್‌ನಲ್ಲಿ ಆ ಮಷೀನ್‌ನ ಪೂರ್ತಿ ವಿಳಾಸಗಳು ಕೂತಿರುತ್ತವೆ. ಆ ಫೋಲ್ಡರ್ ಗಿಟ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇನ್ನೊಂದು ಮಷೀನ್‌ಗೆ ಹೋದರೆ, ಈ ಕ್ಯಾಶ್ ಮಾಡಿದ ಫೋಲ್ಡರ್ ಬೇರೆ, ಈಗಿರುವ ಫೋಲ್ಡರ್ ಬೇರೆ ಎಂದು ಸೀಮೇಕ್ ನಿಂತುಬಿಡುತ್ತದೆ. ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಶುರುಮಾಡಿ, ಏನೂ ನಷ್ಟವಿಲ್ಲ. ಎರಡನೆಯದು, ವಿಷುವಲ್ ಸ್ಟುಡಿಯೋ (ವಿಎಸ್ ಕೋಡ್ ಅಲ್ಲ) ಇರುವ ವಿಂಡೋಸ್‌ನಲ್ಲಿ ಸೀಮೇಕ್ ಅದನ್ನೇ ಆರಿಸಿಕೊಳ್ಳುತ್ತದೆ. ಉಬುಂಟುವಿನಲ್ಲಿ ಮೇಕ್‌ಫೈಲ್. ಮೇಕ್‌ಫೈಲ್ ಆದರೆ ಡಿಬಗ್ಗೋ ರಿಲೀಸೋ ಎಂದು ಮೊದಲೇ ಹೇಳಬೇಕು. ವಿಷುವಲ್ ಸ್ಟುಡಿಯೋ ಆದರೆ ಆಗ ಹೇಳಿದ್ದನ್ನು ಅದು ಕಿವಿಗೆ ಹಾಕಿಕೊಳ್ಳುವುದಿಲ್ಲ, ಬಿಲ್ಡ್ ಮಾಡುವಾಗ --ಕಾನ್ಫಿಗ್ ರಿಲೀಸ್ ಎನ್ನಬೇಕು. ಔಟ್‌ಪುಟ್ ಕೂಡ ಬಿಲ್ಡ್ ಒಳಗಿನ ಇನ್ನೊಂದು ಡಿಬಗ್ ಫೋಲ್ಡರ್‌ಗೆ ಹೋಗುತ್ತದೆ. ಎರಡೂ ಕಡೆ ನಿಂಜಾ ಎಂಬ ಬಿಲ್ಡ್ ಪ್ರೋಗ್ರಾಂ ಹಾಕಿಕೊಂಡು ಅದನ್ನೇ ಜನರೇಟರ್ ಎಂದು ಕೊಟ್ಟರೆ ಈ ವ್ಯತ್ಯಾಸ ಹೋಗುತ್ತದೆ. ಸೀಮೇಕ್ 3.21 ಅಥವಾ ಮುಂದಿನದು ಇದ್ದರೆ ಸೀಮೇಕ್‌ಪ್ರೀಸೆಟ್ಸ್.ಜೇಸನ್‌ನಲ್ಲಿ ಈ ಪ್ರೀಸೆಟ್ ಈ ಓಎಸ್‌ಗೆ ಮಾತ್ರ ಎಂದು ಷರತ್ತು ಹಾಕುವ ಸೌಲಭ್ಯವೂ ಇದೆ.

ಮನೆಯಲ್ಲಿ ವಿಂಡೋಸ್ ಇದ್ದರೂ ಪ್ರೋಗ್ರಾಂ ಕೊನೆಗೆ ಓಡುವುದು ಲಿನಕ್ಸ್‌ನಲ್ಲಿ ಮಾತ್ರ ಎಂದಾದರೆ ಇಷ್ಟೆಲ್ಲ ಹೊಂದಾಣಿಕೆ ಯಾಕೆ ಬೇಕು, ಅಲ್ವಾ? ವಿಂಡೋಸ್‌ನಲ್ಲೇ ಡಬ್ಲ್ಯುಎಸ್ಎಲ್ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿ, ಅದರ ಟರ್ಮಿನಲ್‌ನಿಂದ ‘ಕೋಡ್ .’ ಎಂದು ಪ್ರಾಜೆಕ್ಟ್ ತೆರೆಯಿರಿ. ಎಡಿಟರ್‌ನ ಎಡಗಡೆ ಕೆಳಮೂಲೆಯಲ್ಲಿ ಡಬ್ಲ್ಯುಎಸ್ಎಲ್ ಎಂದು ಕಂಡರೆ ಟಾಸ್ಕ್‌ಗಳೆಲ್ಲ ಲಿನಕ್ಸ್ ಕಡೆ ಓಡುತ್ತವೆ. ಎಕ್ಸ್‌ಟೆನ್ಶನ್‌ಗಳನ್ನು ಆ ಕಡೆಗೂ ಬೇರೆಯಾಗಿ ಹಾಕಿಕೊಳ್ಳಬೇಕು. ಪ್ರಾಜೆಕ್ಟ್ ಅನ್ನು /ಎಂಎನ್‌ಟಿ/ಸಿ ಕೆಳಗೆ ಇಡಬೇಡಿ, ಬಿಲ್ಡ್ ನಿಧಾನವಾಗುತ್ತದೆ. ಲಿನಕ್ಸ್ ಹೋಮ್ ಫೋಲ್ಡರ್‌ನಲ್ಲೇ ಇಡಿ.

ಲಾಂಚ್.ಜೇಸನ್ ಉಳಿಯಿತು. ಎಫ್5 ಒತ್ತಿದಾಗ ಓಡುವುದು ಅದು. ಪ್ರೀಲಾಂಚ್‌ಟಾಸ್ಕ್ ಜಾಗದ ಹೆಸರು ಟಾಸ್ಕ್‌ನ ಲೇಬಲ್ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ‘ಪ್ರೋಗ್ರಾಂ’ ಮತ್ತು ಡಿಬಗ್ಗರ್ ಆದ ಜಿಡಿಬಿಯ ಪಾತ್ ಎರಡಕ್ಕೂ ವಿಂಡೋಸ್ ಬ್ಲಾಕ್, ಲಿನಕ್ಸ್ ಬ್ಲಾಕ್ ಮಾಡಿ. ಬೇರೆ ಬ್ಲಾಕ್ ನಿಜವಾಗಿ ಬೇಕಾಗುವುದು ಇಲ್ಲಿ, ವಿಂಡೋಸ್ ಕಡೆ .ಎಕ್ಸ್ಇ ಬರೆದುಬಿಡಿ.

ಎಲ್ಲಾ ತಿದ್ದಿ ಕಮಿಟ್ ಮಾಡಿದ ಮೇಲೆ ಈಗಿರುವ ಫೋಲ್ಡರ್‌ನಲ್ಲಿ ಪರೀಕ್ಷೆ ಮಾಡಬೇಡಿ. ಅಲ್ಲಿ ಹಳೆಯ ಆಬ್ಜೆಕ್ಟ್ ಫೈಲ್, ಹಳೆಯ .ಎಕ್ಸ್ಇ ಎಲ್ಲಾ ಇರುತ್ತವೆ. ಎರಡೂ ಮಷೀನ್‌ಗಳಲ್ಲಿ ಹೊಸ ಫೋಲ್ಡರ್ ಮಾಡಿ, ಅದರ ಹೆಸರಿನಲ್ಲಿ ಬೇಕೆಂದೇ ಒಂದು ಸ್ಪೇಸ್ ಇಟ್ಟು, ಅದರೊಳಗೆ ಗಿಟ್ ಕ್ಲೋನ್ ಮಾಡಿ ಕಂಟ್ರೋಲ್ ಶಿಫ್ಟ್ ಬಿ ಒತ್ತಿ. ಅಲ್ಲಿ ಕೆಟ್ಟರೆ ಏನೋ ಒಂದು ಫೈಲ್ ನಿಮ್ಮ ಹಳೆಯ ಫೋಲ್ಡರ್‌ನಲ್ಲಿ ಮಾತ್ರ ಇದೆ, ಇಲ್ಲವೇ ಇನ್ನೊಂದು ಪೂರ್ತಿ ವಿಳಾಸ ಎಲ್ಲೋ ಉಳಿದಿದೆ. .ವಿಎಸ್‌ಕೋಡ್ ಫೋಲ್ಡರ್‌ನಲ್ಲಿ ‘ಸಿ:’ ಮತ್ತು ‘/ಯುಎಸ್ಆರ್’ ಎಂದು ಹುಡುಕಿ. ಪ್ರಾಪರ್ಟೀಸ್ ಫೈಲ್‌ನ ಕಂಪೈಲರ್‌ಪಾತ್ ಮತ್ತು ಲಾಂಚ್‌ನ ಜಿಡಿಬಿ ಪಾತ್ ಬಿಟ್ಟು ಬೇರೆಲ್ಲಿ ಸಿಕ್ಕಿದರೂ ತೆಗೆದುಹಾಕಿ. ಆಮೇಲೂ ಎರರ್ ಬಂದರೆ ಟರ್ಮಿನಲ್‌ನ ಕೊನೆಯ ಸಾಲು ಬೇಡ, ‘ಎಕ್ಸಿಕ್ಯೂಟಿಂಗ್ ಟಾಸ್ಕ್’ ಸಾಲು ಮತ್ತು ಅದರ ಕೆಳಗಿನ ಮೊದಲ ಎರರ್ ಸಾಲು, ಎರಡೂ ಮಷೀನ್‌ಗಳದ್ದು, ಕಳಿಸಿ.